ಕೇಳ್ರಿ, ಹೇಳ್ತೀವಿ: ದುಬೈ ರಾಜಹಂಸ, ಮಾಗಡಿ ಕೆರಿ, ಮತ್ತ ಗಸಗಸಿ

ಹೋದ ಸಂಚಿಕೆಯೊಳಗ ದುಬೈನ ರಾಸ್ ಅಲ್ ಖೋರ್ ಪಕ್ಷಿಧಾಮದ್ದು ಒಂದು ಫೋಟೋ ಹಾಕಿದ್ವಿ ನೋಡ್ರಿ, ಮುಂದ ನೀರಾಗ ರಾಜಹಂಸ, ಅಂದ್ರ ಫ್ಲೆಮಿಂಗೊ, ಹಿಂದ ಬುರ್ಜ್ ಖಲೀಫಾ. ಒಂದು ಫೋಟೋಕ್ಕ ಇಷ್ಟು ಮಂದಿ ಪ್ರಶ್ನೆ ಕಳಸ್ತೀರಿ ಅಂತ ಅನ್ಕೊಂಡಿರ್ಲಿಲ್ಲ, ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಓಣಿಗೊಬ್ರು ಗಲ್ಫ್‌ನಾಗ ಅದಾರೋ ಏನೋ. ಎಲ್ಲಾದಕ್ಕೂ ಉತ್ತರ ಬರ್ಯಾಕ ಜಾಗಾ ಸಾಲಂಗಿಲ್ಲ, ಆರಿಸಿದ ಕೆಲವು ಪ್ರಶ್ನೆ ಇಲ್ಲಿ ಅದಾವ.

ಮಗ ದುಬೈನಾಗ ಇದ್ದಾನ್ರಿ, ಡಿಸೆಂಬರ್‌ಗೆ ನಾನೂ ನಮ್ಮನಿಯವ್ರೂ ಹೊಂಟೀವಿ. ಮಗ ಹಾಕಿದ ಲಿಸ್ಟ್‌ನಾಗ ಬರೇ ಮಾಲ್, ಟವರ್, ಡೆಸರ್ಟ್ ಸಫಾರಿ. ನನಗ ಮೊಣಕಾಲು ನೋವು, ಮಾಲ್ ಅಡ್ಡಾಡೋದು ಆಗಂಗಿಲ್ಲ. ಈ ಪಕ್ಷಿಧಾಮಕ್ಕ ಹೋಗಬಹುದಾ? ಟಿಕೆಟ್ ಎಷ್ಟು? ಅಲ್ಲಿ ಏನೇನು ಐತಿ?
— ನಿವೃತ್ತ ಶಿಕ್ಷಕರು, ಗದಗ

ಸರ್, ನಿಮ್ಮಂಥವ್ರಿಗೇ ಮಾಡಿಟ್ಟಂಗ ಐತಿ ಆ ಜಾಗಾ. ಟಿಕೆಟ್ ಇಲ್ಲ, ಫ್ರೀ. ಒಳಗ ಅಡ್ಡಾಡಾಕ ಬಿಡಂಗೇ ಇಲ್ಲ, ಹಂಗಾಗಿ ಮೊಣಕಾಲಿಗೆ ತ್ರಾಸಿಲ್ಲ. ಸುತ್ತೂಕಡೆ ಬೇಲಿ ಹಾಕ್ಯಾರ, ನೀರಿನ ದಂಡಿಗೆ ಕಟ್ಟಿಗಿ ಗೂಡಿನಂಥಾವು ಅದಾವ, ಅವಕ್ಕ ಹೈಡ್ ಅಂತಾರ, ಗಾಡಿ ಇಳದು ಸ್ವಲ್ಪ ನಡದ್ರ ಅದರೊಳಗ ಹೋಗಿ ನಿಲ್ಲೋದು, ಕಿಂಡಿಯಾಗಿಂದ ನೋಡೋದು. ದುರ್ಬೀನು ಅಲ್ಲೇ ಇಟ್ಟಿರ್ತಾರ ಆದ್ರೂ ಮನಿಯಾಗ ಒಂದು ಇದ್ರ ಒಯ್ರಿ, ಯಾಕಂದ್ರ ರಜಾ ದಿನ ಹುಡುಗರು ಅದಕ್ಕ ಕಣ್ಣು ಅಂಟಿಸ್ಕೊಂಡು ನಿಂತ್ರ ಬಿಡಂಗಿಲ್ಲ. ಫ್ಲೆಮಿಂಗೊ ಹೈಡ್ ಅಂತ ಒಂದು, ಮ್ಯಾಂಗ್ರೋವ್ ಹೈಡ್ ಅಂತ ಇನ್ನೊಂದು. ಎಲ್ಲಾರೂ ಮೊದಲನೇದಕ್ಕ ಹೋಗಿ ಫೋಟೋ ಹೊಡ್ಕೊಂಡು ಹತ್ತು ನಿಮಿಷಕ್ಕ ವಾಪಸ್ ಬರ್ತಾರ, ನಿಮ್ಮ ಮಗ ಕರ್ಕೊಂಡು ಹೋದ್ರ ಅವನೂ ಹಂಗೇ ಮಾಡ್ತಾನ ಅನ್ನೋದು ನನ್ನ ಅಂದಾಜು, ಅದಕ್ಕ ಮೊದ್ಲೇ ಹೇಳಿಬಿಡ್ರಿ ನಾ ಇಲ್ಲೇ ಎರಡು ತಾಸು ಇರಾಂವ, ನೀ ಬೇಕಾದ್ರ ಹೋಗಿ ಚಾ ಕುಡದು ಬಾ ಅಂತ.

ಎರಡು ತಾಸು ಯಾಕ ಅಂದ್ರ ಅಲ್ಲಿ ಎಲ್ಲಾ ನಡಸೋದು ಭರತ ಇಳಿತ. ಸಮುದ್ರದ ನೀರು ಇಳದಾಗ ಕೆಸರು ಮ್ಯಾಲ ಬರ್ತೈತಿ, ಸಣ್ಣ ಸಣ್ಣ ಗೊರವ ಜಾತಿ ಹಕ್ಕಿ ಎಲ್ಲಾ ಆ ಕೆಸರಿನ ತುಂಬ ಹರಡಿ ಹುಳ ಹೆಕ್ಕತಾವ, ದೂರ ಇರ್ತಾವ. ನೀರು ಏರಾಕ ಹತ್ತಿದ್ರ ನಿಲ್ಲಾಕ ಜಾಗಾ ಸಣ್ಣದಾಗ್ತಾ ಹೋಗ್ತೈತಿ, ಅವು ಒಂದ್‌ಕಡೆ ಗುಂಪಾಗ್ತಾವ, ಅವಾಗ ನೋಡಾಕ ಚೊಲೋ. ಮೊಬೈಲ್‌ನಾಗ ದುಬೈ ಟೈಡ್ ಟೈಮ್ ಅಂತ ಹುಡುಕಿದ್ರ ಆ ದಿನದ್ದು ಸಿಗ್ತೈತಿ, ಬೆಳಗಿನ ಹೊತ್ತಿಗೆ ನೀರು ಏರೋ ದಿನ ಆರಿಸ್ಕೊಳ್ರಿ. ಮಗ ಸಾಫ್ಟ್‌ವೇರ್ ಅಂದ್ರ ಈ ಕೆಲಸ ಅವಗ ಹಚ್ಚಿಬಿಡ್ರಿ.

ನೋಡೋದು ಏನು ಅಂದ್ರ, ದೊಡ್ಡ ರಾಜಹಂಸ ಅಂತೂ ಚಳಿಗಾಲಕ್ಕ ಕಂಡೇ ಕಾಣ್ತಾವ. ಬೂದು ಬಕ, ಬಂಡೆಬಕ, ಮೆಟ್ಟುಗಾಲು ಹಕ್ಕಿ, ನೀರುಕಾಗಿ, ನಸೀಬ ಇದ್ರ ಮೀನು ಹಿಡಿಯೋ ಡೇಗೆ. ಹದ್ದಿನ ಜಾತಿದು ಒಂದು ಮ್ಯಾಲ ಹಾದ್ರ ಕೆಳಗಿನ ಹಕ್ಕಿ ಎಲ್ಲಾ ಒಮ್ಮೆಗೇ ಎದ್ದು ಹಾರ್ತಾವ, ಅದನ್ನ ನೋಡಾಕ ಸಿಕ್ಕರ ನಿಮ್ಮ ರೊಕ್ಕ ವಸೂಲ್, ರೊಕ್ಕ ಕೊಟ್ಟೇ ಇರಂಗಿಲ್ಲ ಆ ಮಾತು ಬ್ಯಾರೆ. ಜಾಗಾ ದೊಡ್ಡದೇನಲ್ಲ, 6.2 ಚದರ ಕಿಲೋಮೀಟರ್, ಸುತ್ತ ಹೈವೇ, ಲಾರಿ, ಕ್ರೇನು. 2007ರಾಗ ರಾಮ್ಸರ್ ಪಟ್ಟಿಗೆ ಸೇರೇತಿ, ಜಗತ್ತಿನ ಮಹತ್ವದ ಜೌಗು ಪ್ರದೇಶ ಅಂತ ಗುರುತು ಮಾಡೋ ಪಟ್ಟಿ ಅದು. ಚಳಿಗಾಲದಾಗ ಸುಮಾರು ಇಪ್ಪತ್ತು ಸಾವಿರ ಹಕ್ಕಿ ಬಂದು ಇರ್ತಾವ ಅಂತ ಲೆಕ್ಕ ಐತಿ.

ಒಂದು ಮಾತು. ಅಲ್ಲಿ ದೊಡ್ಡ ಅಭಿವೃದ್ಧಿ ಕೆಲಸ ಮಾಡ್ತೀವಿ ಅಂತ ಘೋಷಣಾ ಆಗೇತಿ, ಹಂಗಾಗಿ ಯಾವ ಹೈಡ್ ತೆರದೈತಿ ಯಾವುದು ಮುಚ್ಚೇತಿ, ಟೈಮ್ ಏನು ಅನ್ನೋದನ್ನ ಹೋಗೋ ಮುಂಚಿನ ದಿನ ದುಬೈ ಮುನಿಸಿಪಾಲಿಟಿ ಕಡೆ ಕೇಳ್ಕೊಂಡೇ ಹೋಗ್ರಿ. ಹೈವೇ ದಂಡಿ ಆಗಿದ್ದಕ್ಕ ವಾಪಸ್ ಬರಾಕ ಟ್ಯಾಕ್ಸಿ ಕೈ ಮಾಡಿದ್ರ ನಿಲ್ಲೋದು ಕಷ್ಟ, ಆ್ಯಪ್‌ನಾಗ ಬುಕ್ ಮಾಡೋದೇ ಪಾಡು. ಬುರ್ಜ್ ಖಲೀಫಾ ಮತ್ತ ಇದು ಒಂದೇ ದಿನ ಇಟ್ಕೋಬ್ಯಾಡ್ರಿ, ಅದನ್ನ ಹೆಂಗಿದ್ರೂ ಹೈಡ್‌ನಾಗಿಂದನೇ ನೋಡ್ತೀರಿ.

ಮ್ಯಾಪ್‌ನಾಗ ನೋಡಿದ್ರೆ ಸಮುದ್ರದಿಂದ ನದಿ ಥರ ಒಳಗೆ ಬಂದಿದೆ. ಮರುಭೂಮಿಯಲ್ಲಿ ಅಷ್ಟು ಅಗಲದ ನದಿ ಎಲ್ಲಿಂದ ಹುಟ್ಟುತ್ತೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಎಲ್ಲಿಂದಾನೂ ಹುಟ್ಟಂಗಿಲ್ಲಪಾ, ಅದು ಸಮುದ್ರನೇ. ಆ ದೇಶದಾಗ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ದುಬೈ ಕ್ರೀಕ್ ಅಂದ್ರ ಸಮುದ್ರ ಊರೊಳಗ ಚಾಚಿದ ಕೈ, ಹಳೇ ಉದ್ದ ಸುಮಾರು 14 ಕಿಲೋಮೀಟರ್, ಅದರ ತುದಿಗೆ ನೀರು ಅಗಲ ಆಗಿ, ತೆಳ್ಳಗಾಗಿ ಹರಡಿದಲ್ಲೇ ಈ ಪಕ್ಷಿಧಾಮ. ಊರು ಬೆಳದಿದ್ದೇ ಈ ಕ್ರೀಕ್‌ನಿಂದ, ಎಣ್ಣಿ ಸಿಗೋದಕ್ಕಿಂತ ಮೊದಲು ಮುತ್ತು, ಮೀನು, ಭಾರತದ ಜೋಡಿ ವ್ಯಾಪಾರ ಎಲ್ಲಾ ಇಲ್ಲಿಂದಾನೇ. ಹೂಳು ತುಂಬಿ ಹಡಗು ಬರಂಗಿಲ್ಲ ಅಂತಾದಾಗ 1959ರಿಂದ ಕುವೈತಿನ ಸಾಲ ತಗೊಂಡು ಹೂಳು ತೆಗಸಿದ್ರು, ಆವಾಗಿನ್ನೂ ದುಬೈನಾಗ ಎಣ್ಣಿ ಸಿಕ್ಕಿರಲಿಲ್ಲ ನೋಡು, ಸಾಲ ಮಾಡಿ ಹೂಳು ತೆಗೆಯೋ ಧೈರ್ಯ ಅದು. ನಮ್ಮಲ್ಲಿ ಕೆರಿ ಹೂಳು ತೆಗೆಯಾಕ ಎಷ್ಟು ಮೀಟಿಂಗ್ ಬೇಕು ಅಂತ ಉಣಕಲ್ ಕಡೆಯವ್ರನ್ನ ಕೇಳು.

ಈಗ ಆ ತುದಿ ಕೂಡ ತುದಿ ಅಲ್ಲ. ಮುಂದ ಬಿಸಿನೆಸ್ ಬೇ ಅಂತ ಅಗದ್ರು, 2016ರ ನವೆಂಬರ್‌ಗೆ ದುಬೈ ವಾಟರ್ ಕೆನಾಲ್ ತೆರದು ಇನ್ನೊಂದು ಕಡೆಯಿಂದ ಸಮುದ್ರಕ್ಕ ಕೂಡಿಸಿದ್ರು, ಅಂದ್ರ ಹಳೇ ಊರು ಒಂದು ದ್ವೀಪ ಆದಂಗ ಆತು. ಮತ್ತ ನೀ ಇಂಜಿನಿಯರಿಂಗ್ ಅಂತೀ, ಇದನ್ನೂ ತಿಳ್ಕೊ: ಬರೇ ಉಪ್ಪು ನೀರಷ್ಟ ಅಲ್ಲ, ಊರಿನ ಕೊಳಚಿ ನೀರನ್ನ ಶುದ್ಧ ಮಾಡೋ ಪ್ಲಾಂಟ್ ಹತ್ರ ಐತಿ, ತೋಟಕ್ಕ ಗಿಡಕ್ಕ ಹಾಕಿ ಉಳಿದ ಶುದ್ಧೀಕರಿಸಿದ ನೀರು ಕ್ರೀಕ್‌ನ ಆ ತುದಿಗೇ ಬಿಡ್ತಿದ್ರು. ಅದರಾಗಿನ ಗೊಬ್ಬರದ ಅಂಶಕ್ಕ ಪಾಚಿ, ಪಾಚಿಗೆ ಹುಳ, ಹುಳಕ್ಕ ಹಕ್ಕಿ. ಹೆಚ್ಚಾದ್ರ ನೀರು ಹೊಲಸಾಗಿ ಮೀನು ಸಾಯ್ತಾವ ಅನ್ನೋದೂ ಖರೇನ, ಆದ್ರ ಆ ಪಕ್ಷಿಧಾಮ ಕೈ ಹಚ್ಚದ ಪ್ರಕೃತಿ ಅಂತ ತಿಳ್ಕೊಂಡು ಯಾರರ ಹೇಳಿದ್ರ ನಂಬಬ್ಯಾಡ.

ರಾಜಹಂಸಕ್ಕೆ ಬಣ್ಣ ಹೆಂಗ ಬರ್ತದ? ನಮ್ಮ ಮೊಮ್ಮಗಳು ಫೋಟೋ ನೋಡಿ ಬಣ್ಣ ಹಚ್ಯಾರೇನಜ್ಜಿ ಅಂತ ಕೇಳ್ತಾಳ. ಮತ್ತ ಒಂದೇ ಕಾಲ ಮ್ಯಾಲೆ ಯಾಕ ನಿಲ್ತಾವ?
— ಗೃಹಿಣಿ, ಹಾವೇರಿ

ಅಕ್ಕಾರ, ಮೊಮ್ಮಗಳಿಗೆ ಹೇಳ್ರಿ, ಬಣ್ಣ ಹಚ್ಚಿಲ್ಲ, ಬಣ್ಣ ತಿಂದಾವ. ಉಪ್ಪು ನೀರಾಗಿನ ಪಾಚಿ ಮತ್ತ ಸಣ್ಣ ಸೀಗಡಿಯಂಥ ಹುಳದಾಗ ಕ್ಯಾರೊಟಿನಾಯ್ಡ್ ಅಂತ ಬಣ್ಣದ ಅಂಶ ಇರ್ತೈತಿ, ಗಜ್ಜರಿಗೆ ಕೆಂಪು ಕೊಡೋ ಜಾತಿದೇ, ಅದು ಪುಕ್ಕದಾಗ ಸೇರಿ ಗುಲಾಬಿ ಆಗ್ತೈತಿ. ಹುಟ್ಟಿದ ಮರಿ ಬೂದು ಬಣ್ಣ, ಗುಲಾಬಿ ಬರಾಕ ಎರಡು ಮೂರು ವರ್ಷ ಬೇಕು. ಹಂಗಾಗಿ ಗುಂಪಿನ್ಯಾಗ ಮಾಸಲು ಬಣ್ಣದ್ದು ಕಂಡ್ರ ಅದು ಜಡ್ಡು ಬಿದ್ದಿದ್ದಲ್ಲ, ಸಣ್ಣ ವಯಸ್ಸಿಂದು. ಉಣ್ಣೋ ರೀತಿ ನೋಡಿದ್ರ ಮೊಮ್ಮಗಳು ನಕ್ಕಾಳು, ತಲಿ ಪೂರ್ತಿ ಉಲ್ಟಾ ಮಾಡಿ ಕೊಕ್ಕು ನೀರಾಗ ಹಾಕಿ ನಾಲಿಗಿಲೇ ನೀರು ಪಂಪ್ ಹೊಡದು ಸೋಸ್ತಾವ, ಕೊಕ್ಕಿನ ಅಂಚಿಗೆ ಜರಡಿಯಂಥದ್ದು ಇರ್ತೈತಿ. ರಾಸ್ ಅಲ್ ಖೋರ್‌ನಾಗ ಸಿಬ್ಬಂದಿ ಮ್ಯಾಲಿಂದ ತಿನ್ನಾಕ ಗುಳಗಿಯಂಥದ್ದು ಹಾಕೋದೂ ಐತಿ, ಅವಾಗ ಹೈಡ್ ಹತ್ರ ಬರ್ತಾವ.

ಒಂದ ಕಾಲಿನ ವಿಚಾರ 2017ರಾಗ ಅಮೆರಿಕದವ್ರು ಪರೀಕ್ಷೆ ಮಾಡಿ ಹೇಳಿದ್ರು, ಆ ಹಕ್ಕಿ ಕಾಲಿನ ಕೀಲು ಹೆಂಗ ಐತಿ ಅಂದ್ರ ಒಂದ ಕಾಲ ಮ್ಯಾಲ ಭಾರ ಬಿದ್ದಾಗ ಸ್ನಾಯು ಹೆಚ್ಚು ಕೆಲಸ ಮಾಡೋದೇ ಬ್ಯಾಡ, ಸತ್ತ ಹಕ್ಕಿನೂ ಒಂದ ಕಾಲ ಮ್ಯಾಲ ನಿಲ್ಲಿಸಬಹುದಂತ, ಎರಡು ಕಾಲ ಮ್ಯಾಲ ಆಗಂಗಿಲ್ಲಂತ. ಸತ್ತ ಹಕ್ಕಿ ಮಾತು ಮೊಮ್ಮಗಳಿಗೆ ಹೇಳಬ್ಯಾಡ್ರಿ.

ಇಲ್ಲೇ ನೋಡಬೇಕಂದ್ರ ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟಿ ಕಡೆ ಕೆಲವು ವರ್ಷ ಬರ್ತಾವ. ಇಲ್ಲಂದ್ರ ಮುಂಬೈ ಥಾಣೆ ಖಾಡಿ, ಅಲ್ಲಿ ಸಾವಿರಗಟ್ಟಲೆ, ಹೆಚ್ಚಿನವು ಸಣ್ಣ ರಾಜಹಂಸ, ದುಬೈನವಕ್ಕಿಂತ ಗಿಡ್ಡ ಆದ್ರ ಬಣ್ಣ ಗಾಢ. ಹುಬ್ಬಳ್ಳಿಯಿಂದ ಹೊರದೇಶಕ್ಕ ನೇರ ವಿಮಾನ ಇಲ್ಲದ್ದಕ್ಕ ಭಾಳ ಮಂದಿ ಮುಂಬೈಗೆ ಹೋಗೇ ಹತ್ತತಾರಲ್ಲ, ಐರೋಲಿ ಕಡೆಯಿಂದ ಬೋಟ್‌ನಾಗ ಕರ್ಕೊಂಡು ಹೋಗ್ತಾರ, ಅದನ್ನೂ ಕೂಡಿಸ್ಕೋಬಹುದು.

400 ಎಂಎಂ ಲೆನ್ಸ್ ಸಾಕಾಗತ್ತಾ? ಡ್ರೋನ್ ತಗೊಂಡು ಹೋಗ್ಬಹುದಾ?
— ಫೋಟೋಗ್ರಾಫರ್, ಧಾರವಾಡ

ಲೆನ್ಸ್ ಸಾಕು. ಡ್ರೋನ್ ಮನಿಯಾಗ ಬಿಟ್ಟು ಹೋಗ್ರಿ, ಅಲ್ಲಿ ನೋಂದಣಿ, ಪರವಾನಗಿ ಇಲ್ಲದ ಹಾರಿಸಿದ್ರ ದಂಡ ಅಷ್ಟ ಅಲ್ಲ ಪೊಲೀಸ್ ಸ್ಟೇಶನ್ನೂ ನೋಡಬೇಕಾಗ್ತೈತಿ, ಮತ್ತ ಹಕ್ಕಿ ಮ್ಯಾಲ ಡ್ರೋನ್ ಹಾರಿಸೋರ ಬಗ್ಗೆ ನನಗ ಮೊದ್ಲಿಂದಾನೂ ಪ್ರೀತಿ ಇಲ್ಲ. ಇನ್ನೊಂದು, ಹೈಡ್‌ನಾಗ ನಿಂತ ಬ್ಯಾರೆಯವ್ರ ಕುಟುಂಬದ ಫೋಟೋ ಕೇಳದ ತಗೀಬ್ಯಾಡ್ರಿ, ಅಲ್ಲಿ ಅದು ಕಾನೂನಿನ ತಪ್ಪು. ಮಧ್ಯಾಹ್ನ ಮಾಡಬ್ಯಾಡ್ರಿ, ಬಿಸಿ ಗಾಳಿಗೆ ದೂರದ್ದೆಲ್ಲಾ ನಡುಗಿದಂಗ ಬರ್ತೈತಿ, ಎಷ್ಟು ತುಟ್ಟಿ ಲೆನ್ಸ್ ಇದ್ರೂ.

ನಮ್ಮ ಮಾಗಡಿ ಕೆರಿ ಬಿಟ್ಟು ದುಬೈ ಹಕ್ಕಿ ಫೋಟೋ ಹಾಕ್ತೀರಲ್ಲ, ನಾಚಿಕಿ ಬರಂಗಿಲ್ಲೇನು?
— ಓದುಗರು, ಲಕ್ಷ್ಮೇಶ್ವರ

ಬೈದಿದ್ದು ಚೊಲೋ ಆತು, ಈಗ ಬರ್ಯಾಕ ನೆಪ ಸಿಕ್ತು. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ, ಗದಗದಿಂದ ಒಂದು ತಾಸಿನೊಳಗಿನ ದಾರಿ, 2024ರಾಗ ರಾಮ್ಸರ್ ಪಟ್ಟಿಗೆ ಸೇರೇತಿ. ಅದ ಸಲ ಅಂಕಸಮುದ್ರ ಮತ್ತ ಅಘನಾಶಿನಿ ಅಳಿವೆನೂ ಸೇರಿದ್ವು, ಅದಕ್ಕ ಮೊದಲು ನಮ್ಮ ರಾಜ್ಯದಿಂದ ರಂಗನತಿಟ್ಟು ಒಂದೇ ಇತ್ತು, 2022ರಾಗ ಸೇರಿದ್ದು. ಅಂದ್ರ ಕಾಗದದ ಮ್ಯಾಲ ರಾಸ್ ಅಲ್ ಖೋರ್‌ಗೂ ಮಾಗಡಿಗೂ ಒಂದೇ ಮಾನ. ಕೆರಿ ಅಂತೂ ಅದರ ಹತ್ತನೇ ಪಾಲೂ ಇಲ್ಲ, 54 ಹೆಕ್ಟೇರ್ ಚಿಲ್ಲರಿ. ಆದ್ರ ಅಲ್ಲಿಗೆ ಬರೋ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರ್ತಾವ, ಟಿಬೆಟ್, ಮಂಗೋಲಿಯಾ ಕಡೆಯಿಂದ, ಜಗತ್ತಿನ್ಯಾಗ ಅತಿ ಎತ್ತರಕ್ಕ ಹಾರೋ ಹಕ್ಕಿಗಳೊಳಗ ಅದೂ ಒಂದು. ದುಬೈ ರಾಜಹಂಸ ಅಷ್ಟು ದೂರದ್ದಲ್ಲ, ಇರಾನಿನ ಉರ್ಮಿಯಾ ಸರೋವರದಾಗ ಕಾಲಿಗೆ ಉಂಗುರ ಹಾಕಿದ್ದು ಆ ಕಡೆ ಸಿಕ್ಕಾವ.

ನನಗ ಮಾಗಡಿ ಹೆಚ್ಚು ಸೇರ್ತೈತಿ, ಯಾಕಂದ್ರ ಅಲ್ಲಿ ಬೇಲಿಗಿಂತ ಊರವ್ರೇ ಕಾಯ್ತಾರ. ಹೆಬ್ಬಾತು ಸುತ್ತಿನ ಶೇಂಗಾ, ಕಡ್ಲಿ ಹೊಲಕ್ಕ ಹೋಗಿ ಮೇದು ಬರ್ತಾವ, ರೈತನ ಬೆಳಿ ತಿಂದ್ರೂ ಕಲ್ಲು ಒಗಿಯಂಗಿಲ್ಲ ಅಂದ್ರ ಅದು ಸಣ್ಣ ಮಾತಲ್ಲ. ಆದ್ರ ರಾಸ್ ಅಲ್ ಖೋರ್‌ನಾಗ ಒಂದು ಐತಿ ನಮ್ಮಲ್ಲಿ ಇಲ್ಲದ್ದು: ನೋಡೋ ಮಂದಿ ಗೂಡಿನೊಳಗ, ಹಕ್ಕಿ ಹೊರಗ. ಮಾಗಡಿಯಾಗ ಆದಿತ್ಯವಾರ ಬಂದವ್ರು ಏರಿ ಮ್ಯಾಲ ಬೈಕ್ ನಿಲ್ಲಿಸಿ ಹಾಡು ಹಚ್ಚಿ ಸೆಲ್ಫಿ ತಗೊಂತಾರ, ಹಕ್ಕಿ ಆಚಿ ದಂಡಿಗೆ ಹೋಗಿ ಕೂಡ್ತಾವ, ಆಮ್ಯಾಲ ಏನೂ ಕಾಣ್ಲಿಲ್ರಿ ಅಂತ ಇವ್ರೇ ಹೇಳ್ತಾರ. ಇನ್ನೂ ಒಂದಿಷ್ಟು ಮರೆ ಕಟ್ಟಿದ್ರ, ಬೈಕ್ ದೂರ ನಿಲ್ಲಿಸಿದ್ರ ಸಾಕಿತ್ತು. ನೀವು ಅಲ್ಲಿಯವ್ರೇ ಇದ್ದೀರಿ, ನವೆಂಬರ್‌ನಿಂದ ಫೆಬ್ರುವರಿ ಒಳಗ ಚೊಲೋ ಫೋಟೋ ತಗದು ಕಳಸ್ರಿ, ಮುಂದಿನ ಸಂಚಿಕೆಗೆ ದೊಡ್ಡದಾಗಿ ಹಾಕ್ತೀವಿ.

ಅಳಿಯಂದ್ರು ಅಲ್ಲಿ ವಾದಿ ಅಂತ ಹಳ್ಳಕ್ಕ ಪಿಕ್ನಿಕ್ ಕರ್ಕೊಂಡು ಹೋಗ್ತೀನಿ ಅಂದಾರ. ಒಣ ಹಳ್ಳದಾಗ ನೋಡೋದು ಏನೈತ್ರಿ?
— ರೈತರು, ನವಲಗುಂದ

ಕಾಕಾರ, ನಿಮಗ ಬೆಣ್ಣಿಹಳ್ಳ ಗೊತ್ತು, ಹಂಗಾದ್ರ ವಾದಿನೂ ಗೊತ್ತು ಅಂತ ತಿಳ್ಕೊಳ್ರಿ. ಇಲ್ಲಿ ಮೋಡ ಇಲ್ಲ, ಎಲ್ಲೋ ಮ್ಯಾಲ ಮಳಿ ಬಿದ್ದಿರ್ತೈತಿ, ನೋಡ್ತಿದ್ದಂಗ ನೀರು ಬಂದು ನಿಲ್ತೈತಿ. ಬೆಣ್ಣಿಹಳ್ಳಕ್ಕ ಎರಿ ಮಣ್ಣು, ಅಲ್ಲಿ ಬರೇ ಕಲ್ಲಿನ ಗುಡ್ಡ, ನೀರು ಹೀರ್ಕೊಳ್ಳೋದೇ ಇಲ್ಲ, ಅದಕ್ಕ ಇನ್ನೂ ಜೋರು. 2024ರ ಏಪ್ರಿಲ್ 16ಕ್ಕ ಅಲ್ ಐನ್ ಕಡೆ ಒಂದು ಜಾಗಾದಾಗ ಒಂದು ದಿನ ತುಂಬೋದ್ರೊಳಗ 254 ಮಿಲಿಮೀಟರ್ ಮಳಿ ಆತು, ದುಬೈ ವಿಮಾನ ನಿಲ್ದಾಣನ ನೀರಾಗ ನಿಂತಿತ್ತು, ಟಿವಿಯಾಗ ನೋಡಿರಬೇಕು. ಮಳಿ ಪ್ರವಾಹದ ಹೊತ್ತಿನ್ಯಾಗ ವಾದಿಗೆ ಗಾಡಿ ಇಳಿಸಿದ್ರ ಎರಡು ಸಾವಿರ ದಿರ್ಹಾಮ್ ದಂಡ, ಲೈಸೆನ್ಸ್ ಮ್ಯಾಲ ತಪ್ಪಿನ ಲೆಕ್ಕಕ್ಕ 23 ಬ್ಲ್ಯಾಕ್ ಪಾಯಿಂಟ್, 60 ದಿನ ಗಾಡಿ ಜಪ್ತಿ, 2023ರಿಂದ ಈ ಕಾನೂನು ಐತಿ. ಅಳಿಯಂದ್ರಿಗೆ ನೇರ ಹೇಳಾಕ ಆಗಂಗಿಲ್ಲ ಅಂದ್ರ ಮಗಳ ಕಡೆಯಿಂದ ಹೇಳಸ್ರಿ, ಆಕಾಶ ಸ್ವಚ್ಛ ಇದ್ದು ಮಳಿ ಮುನ್ಸೂಚನೆ ಇಲ್ಲದ ದಿನ ಹೋದ್ರ ಏನೂ ತೊಂದ್ರಿಲ್ಲ, ಗುಡ್ಡದ ನಡುವ ಖರ್ಜೂರದ ತೋಟ, ಸಣ್ಣ ಝರಿ, ನೋಡಾಕ ಬಲು ಚೆಂದ.

ಅದಕ್ಕಿಂತ ನಾನು ಹೇಳೋದು ಖೋರ್ ಕಲ್ಬಾ. ಶಾರ್ಜಾದ್ದು, ಆದ್ರ ಆ ಕಡೆ ಒಮಾನ್ ಕೊಲ್ಲಿ ದಂಡಿಗೆ, ದುಬೈಯಿಂದ ಗುಡ್ಡ ದಾಟಿ ಹೋಗಬೇಕು. ಆ ದೇಶದ ಭಾಳ ಹಳೇ ಕಾಂಡ್ಲಾ ಕಾಡು ಅದು, ನಮ್ಮ ಕುಮಟಾ ಕಡೆ ಕಾಂಡ್ಲಾ ಅಂತಾರಲ್ಲ ಅದೇ ಮ್ಯಾಂಗ್ರೋವ್. ಉಪ್ಪು ನೀರಾಗ ನಿಂತು ಎಲಿ ಮ್ಯಾಲಿಂದ ಉಪ್ಪು ಹೊರಗ ಹಾಕ್ತೈತಿ ಆ ಗಿಡ, ಎಲಿ ಮುಟ್ಟಿ ನೋಡಿದ್ರ ಕೈಗೆ ಹರಳು ಹತ್ತೈತಿ, ಬೇರು ಉಸಿರಾಡಾಕ ಕೆಸರಿನಿಂದ ಮ್ಯಾಲ ಕಡ್ಡಿ ಕಡ್ಡಿ ಎದ್ದಿರ್ತಾವ. ಸವಳು ಭೂಮಿ ತ್ರಾಸ ಕಂಡ ನವಲಗುಂದದವ್ರಿಗೆ ಅದನ್ನ ನೋಡಿದ್ರ ಹೊಟ್ಟಿಕಿಚ್ಚು ಬಂದ್ರೂ ಬರಬಹುದು.

ವೀಸಾ, ವಿಮಾನ ಎಲ್ಲಾ ನಮಗ ಆಗದ ಮಾತು. ಇಂಥದ್ದೇ ಜಾಗಾ ಇಲ್ಲೆಲ್ಲರ ಐತೇನು?
— ಆಟೋ ಚಾಲಕರು, ಹಳೇಹುಬ್ಬಳ್ಳಿ

ಅಘನಾಶಿನಿ, ಅಣ್ಣಾ. ದುಬೈನಾಗ ಇಲ್ಲದ ಖರೇ ನದಿ ಇಲ್ಲೈತಿ, ಶಿರಸಿ ಕಡೆ ಹುಟ್ಟಿ ಒಂದೂ ಅಣೆಕಟ್ಟಿಲ್ಲದ ಹರದು ಕುಮಟಾ ಹತ್ರ ಸಮುದ್ರ ಸೇರ್ತೈತಿ. ಅಳಿವೆಯೊಳಗ ಕಾಂಡ್ಲಾ, ಚಿಪ್ಪಿ ಹೆಕ್ಕೋ ಮಂದಿ, ಉಪ್ಪು ನೀರು ತಡಕೊಳ್ಳೋ ಕಗ್ಗ ಭತ್ತದ ಗಜನಿ ಗದ್ದಿ. ನಸುಕಿಗೆ ಹುಬ್ಬಳ್ಳಿ ಬಿಟ್ರ ಊಟದ ಹೊತ್ತಿಗೆ ಮೊದ್ಲೇ ದಂಡಿಗೆ ಇರ್ತೀರಿ. ಅಲ್ಲೂ ಇಳಿತದ ಟೈಮ್ ನೋಡ್ಕೊಂಡೇ ಹೋಗ್ರಿ, ಚಿಪ್ಪಿ ಹೆಕ್ಕೋರು ಕೆಸರಿಗೆ ಇಳಿಯೋದು ಅವಾಗನ. ಮಳಿಗಾಲ ಬ್ಯಾಡ.

ಮಗಳ ಬಾಣಂತನಕ್ಕ ಜೂನ್‌ನಾಗ ದುಬೈಗೆ ಹೊಂಟೀನಿ. ಪಕ್ಷಿಧಾಮ ನೋಡಾಕ ಆಗ್ತದೇನು? ಅಂಟಿನುಂಡಿ ಮಾಡಾಕ ಸಾಮಾನು ಒಯ್ಯಬಹುದಾ?
— ಗೃಹಿಣಿ, ರಾಣೇಬೆನ್ನೂರು

ಅವ್ವಾರ, ಜೂನ್ ಅಂದ್ರ ನಲವತ್ತರ ಮ್ಯಾಲ ಬಿಸಲು, ಮ್ಯಾಲ ಸಮುದ್ರದ ಸೆಕಿ, ಹೈಡ್‌ನಾಗ ನಿಂತ್ರೂ ತಡೆಯಂಗಿಲ್ಲ. ರಾಜಹಂಸ ಕೆಲವು ಬ್ಯಾಸಗಿಗೂ ಇರ್ತಾವ, ಆದ್ರ ಚಳಿಗಾಲದ ಗದ್ದಲ ಇರಂಗಿಲ್ಲ. ಕೂಸಿಗೆ ಐದಾರು ತಿಂಗಳು ಆಗೋತನ ಅಲ್ಲೇ ಇರೋರಿದ್ರ ನವೆಂಬರ್‌ಗೆ ಹೋಗ್ರಿ. ವೀಸಾ ಅಷ್ಟು ದಿನ ಸಿಗ್ಲಿಲ್ಲಂದ್ರ ಬಿಟ್ಟುಬಿಡ್ರಿ, ಸಂಜಿಮುಂದ ಹಳೇ ಊರಾಗ ಕ್ರೀಕ್ ದಾಟೋ ಅಬ್ರಾ ದೋಣಿ ಹತ್ರಿ, ಒಂದು ದಿರ್ಹಾಮ್, ಗಾಳಿ ಚೊಲೋ ಬರ್ತೈತಿ.

ಅಂಟು, ಉತ್ತತ್ತಿ, ಒಣಕೊಬ್ರಿ, ಬೆಲ್ಲ ಒಯ್ರಿ. ಗಸಗಸಿ ಮಾತ್ರ ಒಂದು ಕಾಳೂ ಬ್ಯಾಡ, ಅಫೀಮಿನ ಗಿಡದ ಬೀಜ ಅಂತ ಆ ದೇಶದಾಗ ಅದು ನಿಷೇಧ, ಏರ್‌ಪೋರ್ಟ್‌ನಾಗ ಸಿಕ್ಕರ ಜೈಲಿನ ಮಾತು. ಇಲ್ಲೇ ಮಾಡಿ ಡಬ್ಬಿ ತುಂಬ್ಕೊಂಡು ಹೋದ ಉಂಡಿಯೊಳಗೂ ಗಸಗಸಿ ಇರಬಾರದು, ಮಸಾಲಿ ಪುಡಿಯೊಳಗೂ ಹಾಕಿರ್ತೀರಿ, ಅದನ್ನೂ ನೋಡ್ಕೊಳ್ರಿ. ಮೊಣಕಾಲು ನೋವಿನ ಗುಳಗಿ, ಕೆಮ್ಮಿನ ಔಷಧ ಇದ್ರ ಡಾಕ್ಟರ್ ಚೀಟಿ ಜೋಡಿ ಇಟ್ಕೊಳ್ರಿ, ಟ್ರಮಡಾಲ್, ಕೊಡೀನ್ ಇರೋವು ಅನುಮತಿ ಇಲ್ಲದ ಒಯ್ಯೋ ಹಂಗಿಲ್ಲ. ಉಂಡಿಗೆ ಗಸಗಸಿ ಬದ್ಲಿ ಕೊಬ್ರಿ ಇನ್ನೊಂದು ಬಟ್ಲ ಜಾಸ್ತಿ ಹುರದು ಹಾಕ್ರಿ, ಮಗಳಿಗೆ ಫರಕು ಗೊತ್ತಾಗಂಗಿಲ್ಲ.